ಜಮೆಯಾಗದ ಹೆಸರುಗಳು

2023ರ ನವೆಂಬರಿನ ಒಂದು ಶನಿವಾರ ಸಂಜೆ, ಪಶ್ಚಿಮ ಸಿಡ್ನಿಯ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ಸಂಘದ ರಾಜ್ಯೋತ್ಸವ ನಡೆದಿತ್ತು. ನಾನು ಸಂಘದ ಖಜಾಂಚಿ. ಎಲ್ಲರೂ ವೇದಿಕೆಗೆ ಮುಖ ಮಾಡಿ ಕೂತಿದ್ದರೆ ನಾನು ಬಾಗಿಲ ಪಕ್ಕದ ಮೇಜಿನಲ್ಲಿ ಊಟದ ಕೂಪನ್ನಿನ ಹಣ ಎಣಿಸುತ್ತಿದ್ದೆ. ಎಣಿಸುವುದು ನನ್ನ ವೃತ್ತಿ, ಈಗ ಚಟವೂ ಹೌದು. ಹಣ ಮುಗಿದ ಮೇಲೆ ಒಂದು ಹಾಳೆಯ ಹಿಂಬದಿಯಲ್ಲಿ ಇನ್ನೊಂದು ಲೆಕ್ಕ ಬರೆಯತೊಡಗಿದೆ. ನಿರೂಪಕಿ ಒಂದೊಂದು ಹಾಡಿಗೂ ಯಾರ ಹೆಸರು ಹೇಳುತ್ತಾರೆ ಎಂಬ ಲೆಕ್ಕ.

"ಮುಂದಿನದು ಅಣ್ಣಾವ್ರ ಹಾಡು." "ಈಗ ವಿಷ್ಣು ದಾದಾ ಹಾಡು." "ಇದು ನಮ್ಮ ಶಂಕ್ರಣ್ಣನ ಹಾಡು." "ಅಪ್ಪು ಹಾಡು ಬರ್ತಾ ಇದೆ, ಎಲ್ಲರೂ ಎದ್ದು ಕುಣಿಯಬೇಕು."

ಆ ಸಂಜೆ ಒಟ್ಟು 18 ಹಾಡುಗಳಾದವು. 14ಕ್ಕೆ ನಾಯಕನಟನ ಹೆಸರು ಬಂತು. 6ಕ್ಕೆ ಮೂಲ ಗಾಯಕರ ಹೆಸರು, 2ಕ್ಕೆ ಸಂಗೀತ ನಿರ್ದೇಶಕರ ಹೆಸರು. ಬರೆದವರ ಹೆಸರು ಬಂದದ್ದು ಒಂದೇ ಒಂದಕ್ಕೆ. ಅದು ನಾಡಗೀತೆ, ಕುವೆಂಪು ಹೆಸರನ್ನು ಬಿಡುವ ಧೈರ್ಯ ಯಾರಿಗೂ ಇಲ್ಲ. ಅದೇ ಸಂಜೆ, ಕಾರ್ಯಕ್ರಮಕ್ಕೆ ಪ್ರಾಯೋಜಕರಾಗಿದ್ದ ಗೃಹಸಾಲದ ಏಜೆಂಟರೊಬ್ಬರ ಹೆಸರು 5 ಸಲ ಬಂತು. ಅವರು ಕೊಟ್ಟ ಚೆಕ್ಕನ್ನು ಬ್ಯಾಂಕಿಗೆ ಹಾಕಿದವಳು ನಾನೇ, ಆದ್ದರಿಂದ ಅವರ ಮೇಲೆ ನನಗೆ ಕೋಪವಿಲ್ಲ. ಕೋಪ ಇರುವುದು ನಮ್ಮ ಮೇಲೆ.

ನನ್ನ ತಕರಾರು ಇಷ್ಟೇ. ಹೊರದೇಶಕ್ಕೆ ಬಂದ ನಾವು ನಮ್ಮ ಭಾಷೆ ಹಾಡಿನಲ್ಲಿ ಬದುಕಿದೆ ಎಂದು ಎದೆ ತಟ್ಟಿಕೊಂಡು ಹೇಳುತ್ತೇವೆ. ಆದರೆ ಆ ಹಾಡಿನ ಕನ್ನಡವನ್ನು ಯಾರು ಬರೆದರೋ ಅವರ ಹೆಸರನ್ನು ಹೇಳುವುದಿಲ್ಲ, ಕೇಳುವುದಿಲ್ಲ, ಗೊತ್ತಿಲ್ಲದ್ದಕ್ಕೆ ನಾಚುವುದೂ ಇಲ್ಲ. ಮೆಚ್ಚಿನ ಹಾಡು ಎನ್ನುವಾಗ ಆ ಮೆಚ್ಚುಗೆ ಯಾರ ಖಾತೆಗೆ ಜಮೆಯಾಗಬೇಕು ಎಂಬ ಪ್ರಶ್ನೆಯೇ ನಮಗೆ ಏಳುವುದಿಲ್ಲ.

ಒಂದೆರಡು ಉದಾಹರಣೆ ಕೊಡುತ್ತೇನೆ. 1984ರ 'ಬಂಧನ' ಚಿತ್ರದ ಹಾಡುಗಳನ್ನು ಎಲ್ಲರೂ ವಿಷ್ಣುವರ್ಧನ್ ಹಾಡುಗಳು ಎನ್ನುತ್ತೇವೆ. ವಿಷ್ಣುವರ್ಧನ್ ಅವುಗಳಿಗೆ ಮುಖ ಕೊಟ್ಟರು. ಆ ಮುಖವನ್ನು ನಾನೂ ಮರೆತಿಲ್ಲ. ಆದರೆ ದನಿ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರದ್ದು, ಸಂಗೀತ ಎಂ. ರಂಗರಾವ್ ಅವರದ್ದು, ಮಾತು ಆರ್. ಎನ್. ಜಯಗೋಪಾಲ್ ಅವರದ್ದು. ಮದುವೆಯ ಬೆಳ್ಳಿಹಬ್ಬಕ್ಕೆ ನಾವು ಕಣ್ಣೊರೆಸಿಕೊಳ್ಳುತ್ತಾ ಹಾಡುವ ಮಾತುಗಳನ್ನು ಕೂತು ಯೋಚಿಸಿ ಬರೆದವರು ಜಯಗೋಪಾಲ್. 1993ರ 'ಆಕಸ್ಮಿಕ' ಚಿತ್ರದ ಆ ಹಾಡಿಲ್ಲದೆ ಸಿಡ್ನಿಯಲ್ಲಾಗಲಿ ಮೆಲ್ಬರ್ನಿನಲ್ಲಾಗಲಿ ರಾಜ್ಯೋತ್ಸವ ಮುಗಿಯುವುದಿಲ್ಲ. ಯಾವ ಹಾಡೆಂದು ನಾನು ಹೇಳಬೇಕಾಗಿಲ್ಲ. ರಾಜ್‌ಕುಮಾರ್ ಅವರೇ ಹಾಡಿದ್ದರಿಂದ ಅದು ಅವರದ್ದೂ ಹೌದು. ಆದರೆ ಪದವನ್ನೂ ರಾಗವನ್ನೂ ಕೊಟ್ಟವರು ಹಂಸಲೇಖ. 'ಜೀವನ ಚೈತ್ರ'ದ ಹಾಡಿಗೆ ರಾಜ್‌ಕುಮಾರ್ ಶ್ರೇಷ್ಠ ಹಿನ್ನೆಲೆ ಗಾಯಕ ಎಂಬ ರಾಷ್ಟ್ರಪ್ರಶಸ್ತಿ ಪಡೆದರು. ಅದನ್ನು ಬರೆದವರು ಚಿ. ಉದಯಶಂಕರ್. ಅವರು 1993ರಲ್ಲಿ ತೀರಿಕೊಂಡರು. ನಮ್ಮ ವೇದಿಕೆಗಳಲ್ಲಿ ಅವರ ಹಾಡುಗಳು ಇಲ್ಲದ ಸಂಜೆ ಇಲ್ಲ, ಅವರ ಹೆಸರು ಇರುವ ಸಂಜೆ ಬಲು ಅಪರೂಪ.

ಇಷ್ಟು ಹೇಳಿ ನಾನು ಸಾಚಾ ಎಂದುಕೊಳ್ಳಬೇಡಿ. ಆಡಿಟ್ ಮಾಡುವವರು ಮೊದಲು ತಮ್ಮ ಪುಸ್ತಕ ತೆರೆದಿಡಬೇಕು. ನನ್ನ ಪುಸ್ತಕದಲ್ಲಿರುವ ತಪ್ಪು ಎಲ್ಲರದ್ದಕ್ಕಿಂತ ದೊಡ್ಡದು.

ನನ್ನ ಊರು ಸಾಗರ. ಅಪ್ಪ ಅಡಿಕೆ ಮಂಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ನಾನು ಬಿ.ಕಾಂ. ಓದಿದ್ದು ಅಲ್ಲಿನ ಲಾಲ್ ಬಹದ್ದೂರ್ ಕಾಲೇಜಿನಲ್ಲಿ. ಆಮೇಲೆ ಬೆಂಗಳೂರಿನಲ್ಲಿ ಆರ್ಟಿಕಲ್‌ಶಿಪ್, ಸಿ.ಎ., ಮದುವೆ. 2006ರಲ್ಲಿ ಮೆಲ್ಬರ್ನಿಗೆ ಬಂದೆವು. ಕ್ಲೇಟನ್ನಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಗಂಡನಿಗೆ ರಾತ್ರಿ ಪಾಳಿ. ನನಗೆ ಏಳು ತಿಂಗಳು ಕೆಲಸವಿರಲಿಲ್ಲ. ಊರಿನಲ್ಲಿ ಕಂಪನಿಗಳ ಲೆಕ್ಕಪತ್ರಕ್ಕೆ ಸಹಿ ಹಾಕುತ್ತಿದ್ದವಳು ಇಲ್ಲಿ ಸೂಪರ್‌ಮಾರ್ಕೆಟ್ಟಿನ ಬಿಲ್ಲಿನ ಕೌಂಟರಿಗೂ ಅರ್ಜಿ ಹಾಕಿ ಬರಿಗೈಯಲ್ಲಿ ವಾಪಸು ಬಂದಿದ್ದೆ. ಜುಲೈ ತಿಂಗಳ ಆ ಚಳಿಯಲ್ಲಿ ಬಸ್ ನಿಲ್ದಾಣದಲ್ಲಿ ನಿಂತು ಕಿವಿಗೆ ಹಾಕಿಕೊಂಡು ಕೇಳುತ್ತಿದ್ದ ಹಾಡು ಒಂದೇ: 1997ರ 'ಅಮೆರಿಕಾ ಅಮೆರಿಕಾ' ಚಿತ್ರದಲ್ಲಿ ಬರುವ 'ಮೋಹನ ಮುರಳಿ'.

ಊರಿನ ನೆನಪು ತರುವ ಹಾಡುಗಳು ಬೇರೆ ಎಷ್ಟೋ ಇದ್ದವು. ಅವನ್ನು ಕೇಳಿದರೆ ಅಳು ಬರುತ್ತಿತ್ತು, ಅತ್ತು ಸಮಾಧಾನವಾಗುತ್ತಿತ್ತು. ಈ ಹಾಡು ಸಮಾಧಾನ ಕೊಡುತ್ತಿರಲಿಲ್ಲ. ನಿನ್ನನ್ನು ಇಲ್ಲಿಗೆ ಕರೆದವರು ಯಾರು, ಏನನ್ನು ನಂಬಿ ಎದ್ದು ಬಂದೆ ಎಂದು ವಿಚಾರಣೆ ಮಾಡುತ್ತಿತ್ತು. ನನ್ನನ್ನು ಯಾರೂ ಬಲವಂತ ಮಾಡಿ ಕಳಿಸಿರಲಿಲ್ಲ. ಕೈಯಲ್ಲಿದ್ದ ಬದುಕು ಸಾಲದೆಂದು ನಾನೇ ಹೊರಟಿದ್ದೆ. ಅದನ್ನು ಒಪ್ಪಿಕೊಳ್ಳಲು ಆ ಹಾಡು ಬೇಕಾಯಿತು. ಒಪ್ಪಿಕೊಂಡ ಮೇಲೆ ಗಂಡನ ಮೇಲಿನ ಸಿಟ್ಟು ಇಳಿಯಿತು, ಪರೀಕ್ಷೆಗೆ ಕೂತೆ, ಕೆಲಸ ಸಿಕ್ಕಿತು. ಒಂದು ಹಾಡು ನನಗೆ ಇಷ್ಟನ್ನು ಮಾಡಿದೆ. ಅದಕ್ಕೇ ಮೆಚ್ಚಿನ ಹಾಡು ಎಂದರೆ ಅದು ಹರಟೆಯ ವಿಷಯ ಎಂದು ಯಾರಾದರೂ ಅಂದರೆ ನನಗೆ ರೇಗುತ್ತದೆ.

2013ರಲ್ಲಿ ನಾವು ಸಿಡ್ನಿಗೆ ಬಂದೆವು. 2019ರ ದೀಪಾವಳಿ ಸಂಜೆಯಲ್ಲಿ ನಾನು ಆ ಹಾಡನ್ನು ಹಾಡಿದೆ. ಹಾಡುವ ಮೊದಲು ಮೈಕಿನಲ್ಲಿ ಹೇಳಿದ್ದು: "ಇದು 'ಅಮೆರಿಕಾ ಅಮೆರಿಕಾ' ಸಿನಿಮಾದ ಹಾಡು. ನಮ್ಮಂಥ ಎನ್ನಾರೈಗಳಿಗಾಗಿಯೇ ಬರೆದ ಹಾಡು." ಚಪ್ಪಾಳೆ ಬಿತ್ತು. ವಿಡಿಯೋವನ್ನು ಅಪ್ಪನಿಗೆ ಕಳಿಸಿದೆ. ಮರುದಿನ ಫೋನಿನಲ್ಲಿ ಅಪ್ಪ ಅಂದರು, "ಚೊಲೋ ಹಾಡಿದ್ದೀಯ ಪುಟ್ಟಿ. ಆದ್ರೆ ಬರೆದವರ ಹೆಸರು ಹೇಳಲೇ ಇಲ್ಲವಲ್ಲೇ ಮಾರಾಯ್ತಿ." ನಾನು ನಕ್ಕೆ. ಏನು ಮಾಡಿದರೂ ಒಂದು ಕೊಕ್ಕೆ ತೆಗೆಯುವುದು ಅಪ್ಪನ ಸ್ವಭಾವ ಎಂದುಕೊಂಡೆ. ಯಾರು ಬರೆದದ್ದು ಎಂದು ಕೇಳಲಿಲ್ಲ. ಮಾತು ಬೇರೆ ಕಡೆ ಹೋಯಿತು.

ಅಪ್ಪ ತೀರಿಕೊಂಡದ್ದು 2021ರ ಮೇ ತಿಂಗಳ ಮೊದಲ ವಾರ. ಕೋವಿಡ್ಡಿನ ಎರಡನೇ ಅಲೆ. ಇಲ್ಲಿಂದ ಹೊರಡಲು ನಾಗರಿಕರಿಗೂ ವಿಶೇಷ ಅನುಮತಿ ಬೇಕಿತ್ತು. ಏಪ್ರಿಲ್ ಕೊನೆಯಿಂದ ಭಾರತದ ನೇರ ವಿಮಾನಗಳನ್ನೂ ನಿಲ್ಲಿಸಿದ್ದರು. ಹೋದರೆ ವಾಪಸು ಬರುವ ದಾರಿ ಇರಲಿಲ್ಲ. ಮಗನಿಗೆ ಆಗ ಹತ್ತು ವರ್ಷ. ನಾನು ಹೋಗಲಿಲ್ಲ. ಅಪ್ಪನ ಕೊನೆಯ ಕೆಲಸಗಳನ್ನು ಅಣ್ಣ ಹಿಡಿದ ಫೋನಿನಲ್ಲಿ ನೋಡಿದೆ. ಹೊರನಾಡಿನಲ್ಲಿರುವ ಎಷ್ಟೋ ಮಂದಿ ಆ ವರ್ಷ ನೋಡಿದ್ದು ಹಾಗೆಯೇ. ಅದನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ.

2022ರ ಜನವರಿಯಲ್ಲಿ ಊರಿಗೆ ಹೋದಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಒಂದು ಹಳೆಯ ಕಿರ್ದಿ ಪುಸ್ತಕ ಸಿಕ್ಕಿತು. ಮಂಡಿಯಲ್ಲಿ ಬಳಸದೆ ಉಳಿದದ್ದನ್ನು ಅಪ್ಪ ಮನೆಗೆ ತಂದಿರಬೇಕು. ಕೆಂಪು ಬಟ್ಟೆಯ ರಟ್ಟು, ಉದ್ದನೆಯ ಹಾಳೆ. ಜಮಾ-ಖರ್ಚಿನ ಅಂಕಣಗಳ ಮೇಲೆ ಗೆರೆ ಎಳೆದು ಅಪ್ಪ ಹೊಸ ತಲೆಬರಹ ಬರೆದುಕೊಂಡಿದ್ದರು: ಹಾಡು, ಚಿತ್ರ, ಸಾಹಿತ್ಯ, ಸಂಗೀತ, ಗಾಯನ. ರೇಡಿಯೋದಲ್ಲಿ ಕೇಳಿದ್ದನ್ನೆಲ್ಲ ಮಂಡಿಯ ಅಕ್ಷರದಲ್ಲಿ, ಒಂದು ಕಾಟೂ ಇಲ್ಲದೆ, ವರ್ಷಗಟ್ಟಲೆ ಬರೆದಿದ್ದರು. ಹೆಸರು ಸರಿಯಾಗಿ ಕೇಳಿಸದಿದ್ದ ಕಡೆ ಪೆನ್ಸಿಲಿನ ಚುಕ್ಕೆ. ಮತ್ತೆ ಯಾವತ್ತೋ ಕೇಳಿ ಮೇಲೆ ಶಾಯಿಯಲ್ಲಿ ತುಂಬಿದ್ದಾರೆ. ಕು. ರಾ. ಸೀ., ವಿಜಯನಾರಸಿಂಹ, ಗೀತಪ್ರಿಯ, ಕಣಗಾಲ್ ಪ್ರಭಾಕರ ಶಾಸ್ತ್ರಿ, ದೊಡ್ಡರಂಗೇಗೌಡ. ಸಾಹಿತ್ಯದ ಅಂಕಣವನ್ನು ಎಲ್ಲೂ ಖಾಲಿ ಬಿಟ್ಟಿರಲಿಲ್ಲ.

ಪುಸ್ತಕದ ಕೊನೆಯ ಭಾಗದಲ್ಲಿ ನನ್ನ ಹಾಡಿತ್ತು. ಚಿತ್ರ: ಅಮೆರಿಕಾ ಅಮೆರಿಕಾ. ಸಂಗೀತ: ಮನೋಮೂರ್ತಿ. ಸಾಹಿತ್ಯ: ಗೋಪಾಲಕೃಷ್ಣ ಅಡಿಗ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ "ನಮ್ಮ ಊರಿನಲ್ಲಿದ್ದವರು, ನೋಡಿದ್ದೇನೆ."

1960ರ ದಶಕದಲ್ಲಿ ಅಡಿಗರು ಸಾಗರದ ಲಾಲ್ ಬಹದ್ದೂರ್ ಕಾಲೇಜಿನ ಪ್ರಾಂಶುಪಾಲರಾಗಿದ್ದರು. ನಾನು ಮೂರು ವರ್ಷ ಬಿ.ಕಾಂ. ಓದಿದ್ದು ಅದೇ ಕಾಲೇಜಿನಲ್ಲಿ. ಅವರು 1992ರಲ್ಲಿ ತೀರಿಕೊಂಡ ಐದು ವರ್ಷಗಳ ಮೇಲೆ ಆ ಸಿನಿಮಾ ಬಂತು. ಅಂದರೆ ಎನ್ನಾರೈಗಳಿಗಾಗಿ ಬರೆದದ್ದು ಎಂದು ನಾನು ಮೈಕಿನಲ್ಲಿ ಹೇಳಿದ ಪದ್ಯ, ಎನ್ನಾರೈ ಎಂಬ ಪದ ನಮ್ಮ ಬಾಯಿಗೆ ಬರುವುದಕ್ಕೂ ಎಷ್ಟೋ ಮೊದಲು, ಕನ್ನಡದ ದೊಡ್ಡ ಕವಿಯೊಬ್ಬರು ತಮ್ಮದೇ ಒಳಗಿನ ತಹತಹಕ್ಕೆ ಬರೆದುಕೊಂಡದ್ದು. ಅದನ್ನು ಸಿನಿಮಾಕ್ಕೆ ತಂದ ನಾಗತಿಹಳ್ಳಿ ಚಂದ್ರಶೇಖರರಿಗೂ ಮನೋಮೂರ್ತಿಯವರಿಗೂ ನಾನು ಋಣಿ. ಆದರೆ ಮೆಲ್ಬರ್ನಿನ ಬಸ್ ನಿಲ್ದಾಣದಲ್ಲಿ ನನ್ನನ್ನು ವಿಚಾರಣೆಗೆ ನಿಲ್ಲಿಸಿದವರು ನನ್ನ ಕಾಲೇಜಿನ ಹಳೆಯ ಪ್ರಾಂಶುಪಾಲರು ಎಂದು ತಿಳಿಯಲು ನನಗೆ ಹದಿನೈದು ವರ್ಷ ಬೇಕಾಯಿತು. ತಿಳಿಸಬಲ್ಲವರು ಅಷ್ಟರಲ್ಲಿ ಹೋಗಿಬಿಟ್ಟಿದ್ದರು. ಅಡಿಗರನ್ನು ಅಪ್ಪ ಎಲ್ಲಿ ನೋಡಿದರು? ಮಾತಾಡಿಸಿದ್ದರೇ? ಆ ಪದ್ಯವನ್ನು ಓದಿದಾಗ ಅಪ್ಪನಿಗೂ ಎಲ್ಲಿಗಾದರೂ ಹೋಗಬೇಕು ಅನ್ನಿಸಿತ್ತೇ? ಮಂಡಿ ಬಿಟ್ಟು ಹೋಗಲಾಗದೆ ಉಳಿದರೇ? 2019ರ ಆ ಫೋನಿನಲ್ಲಿ "ಯಾರಪ್ಪಾ ಬರೆದದ್ದು?" ಎಂದು ಕೇಳಿದ್ದರೆ ಇದೆಲ್ಲ ಗೊತ್ತಾಗುತ್ತಿತ್ತು. ಒಂದು ಹೆಸರು ಕೇಳದೆ ಹೋದದ್ದಕ್ಕೆ ನನಗೆ ಆದ ನಷ್ಟ ಇದು. ಇದನ್ನು ಯಾವ ತಃಖ್ತೆಯಲ್ಲೂ ತೋರಿಸಲಾರೆ.

ನವೆಂಬರಿನ ಸಂಜೆ ಹೆಸರುಗಳನ್ನು ಎಣಿಸಿದ್ದು ಈ ಕಾರಣಕ್ಕೆ.

ಹೆಸರು ಹೇಳುವುದು ನಮಗೆ ಹೊಸತಲ್ಲ. ಕನ್ನಡದ ಹಾಡಿನ ಪರಂಪರೆ ಇದರಲ್ಲಿ ಬಹಳ ಬಿಗಿ. ವಚನಕಾರರೂ ದಾಸರೂ ಅಂಕಿತವನ್ನು ಹಾಡಿನ ಒಳಗೇ ಹೆಣೆದರು. ಕೂಡಲಸಂಗಮದೇವ ಎಂದೊಡನೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ, ಪುರಂದರವಿಠಲ ಎಂದೊಡನೆ ಪುರಂದರದಾಸರು, ಕಾಗಿನೆಲೆಯಾದಿಕೇಶವ ಎಂದೊಡನೆ ಕನಕದಾಸರು. ಅಂಕಿತ ದೇವರ ಹೆಸರೇ ಇರಬಹುದು, ಆದರೆ ಅದು ಹಾಡಿದವರ ಗುರುತು. ಹಾಡನ್ನು ಯಾರು ಎಲ್ಲಿಗೆ ಒಯ್ದರೂ ಅಂಕಿತ ಜೊತೆಗೇ ಹೋಗುತ್ತದೆ. ಐನೂರು, ಒಂಬೈನೂರು ವರ್ಷ ದಾಟಿಯೂ ಆ ಖಾತೆ ತಾಳೆಯಾಗುತ್ತಿದೆ. ಸುಗಮ ಸಂಗೀತದವರೂ ಈ ಶಿಸ್ತನ್ನು ಬಿಡಲಿಲ್ಲ. ಬೇಂದ್ರೆಯವರದ್ದು, ಕೆ. ಎಸ್. ನರಸಿಂಹಸ್ವಾಮಿಯವರದ್ದು, ನಿಸಾರ್ ಅಹಮದರದ್ದು ಎಂದು ಹೇಳಿಯೇ ಅಲ್ಲಿ ಭಾವಗೀತೆ ಶುರುವಾಗುವುದು.

ಸಿನಿಮಾ ಹಾಡಿಗೆ ಅಂಕಿತವಿಲ್ಲ. ಅದರ ಅಂಕಿತವನ್ನು ಹೊರಗಿನಿಂದ ಯಾರಾದರೂ ಹೇಳಬೇಕು. ಆ ಕೆಲಸವನ್ನು ನಮ್ಮ ಕಾಲದಲ್ಲಿ ಆಕಾಶವಾಣಿ ಮಾಡಿತು. ಭದ್ರಾವತಿ ಕೇಂದ್ರದ ಉದ್ಘೋಷಕರು ಚಿತ್ರ, ಸಾಹಿತ್ಯ, ಸಂಗೀತ, ಗಾಯನ ಎಂದು ನಾಲ್ಕನ್ನೂ ಅದೇ ದನಿಯಲ್ಲಿ, ಯಾರನ್ನೂ ಏರಿಸದೆ ಇಳಿಸದೆ ಹೇಳುತ್ತಿದ್ದರು. ಚಿತ್ರಮಂದಿರದ ಎದುರು ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಹಾಡಿನ ಪುಸ್ತಕಗಳಲ್ಲೂ ಬರೆದವರ ಹೆಸರು ಇರುತ್ತಿತ್ತು. ಅಪ್ಪನಂಥ ಗುಮಾಸ್ತರೊಬ್ಬರು ಸಾಹಿತ್ಯ ಎಂಬ ಅಂಕಣವನ್ನು ಪೂರ್ತಿ ತುಂಬಲು ಸಾಧ್ಯವಾದದ್ದು ಇದರಿಂದ. ಈಗ ಹಾಡು ಫೋನಿನಲ್ಲಿದೆ. ಪರದೆಯ ಮೇಲೆ ಚಿತ್ರದ ಪೋಸ್ಟರ್, ಗಾಯಕರ ಹೆಸರು. ಬರೆದವರನ್ನು ನೋಡಬೇಕಾದರೆ ಮೂರು ಚುಕ್ಕೆ ಒತ್ತಿ ಕೆಳಗಿಳಿದು ಹುಡುಕಬೇಕು. ಕೆಲವು ಸಲ ಅಲ್ಲಿ ಏನೂ ಇರುವುದಿಲ್ಲ. ಹೀಗೆ ದಾಖಲೆ ತೆಳುವಾಗಿರುವ ಕಾಲದಲ್ಲಿ ಸಂಘದ ವೇದಿಕೆಯ ಜವಾಬ್ದಾರಿ ಹೆಚ್ಚಬೇಕಿತ್ತು. ನಾವು ಫೋನಿಗಿಂತಲೂ ಕಡೆಯಾದೆವು.

2024ರ ವಾರ್ಷಿಕ ಸಭೆಯಲ್ಲಿ ನಾನು ಈ ವಿಷಯ ಎತ್ತಿದೆ. ಬಂದ ಆಕ್ಷೇಪಣೆಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ, ಏಕೆಂದರೆ ಇವು ನಮ್ಮ ಸಂಘದವು ಮಾತ್ರವಲ್ಲ; ಮೆಲ್ಬರ್ನಿನ ಗೆಳತಿಯರಿಂದಲೂ ಇವೇ ಮಾತು ಕೇಳಿದ್ದೇನೆ.

ಮೊದಲನೆಯದು, ಸಮಯವಿಲ್ಲ. ಒಂದು ಹೆಸರು ಹೇಳಲು ಮೂರು ಸೆಕೆಂಡು ಸಾಕು. 20 ಹಾಡಿಗೆ ಒಂದು ನಿಮಿಷ. ವಂದನಾರ್ಪಣೆಗೆ ನಾವು ಇಟ್ಟುಕೊಂಡಿರುವುದು ಹತ್ತು ನಿಮಿಷ, ತೆಗೆದುಕೊಳ್ಳುವುದು ಇಪ್ಪತ್ತು. ಇದು ಸಮಯದ ಮಾತಲ್ಲ.

ಎರಡನೆಯದು, ಹೀರೋ ಹೆಸರು ಹೇಳಿದರೆ ಮಾತ್ರ ಜನ ಕೇಳುತ್ತಾರೆ, ಬರೆದವರು ಯಾರಿಗೆ ಬೇಕು? 2006ರ ಕೊನೆಯಲ್ಲಿ ಬಂದ 'ಮುಂಗಾರು ಮಳೆ'ಯನ್ನು ನೆನೆಯಿರಿ. ಆ ಹಾಡುಗಳಿಂದ ಜಯಂತ ಕಾಯ್ಕಿಣಿಯವರ ಹೆಸರು ಎಷ್ಟು ಮನೆಮಾತಾಯಿತೆಂದರೆ, ಅವರ ಕಥೆಗಳನ್ನು ಓದದವರೂ ಇದು ಕಾಯ್ಕಿಣಿ ಸಾಲು ಎನ್ನತೊಡಗಿದರು. ಮೆಲ್ಬರ್ನಿನಲ್ಲಿ ನಮ್ಮ ಅಂತ್ಯಾಕ್ಷರಿ ಕೂಟದಲ್ಲೇ ಇದನ್ನು ಕೇಳಿದ್ದೇನೆ. ಅಂದರೆ ಬರೆದವರ ಹೆಸರು ಜನರ ನಾಲಿಗೆಯ ಮೇಲೆ ನಿಲ್ಲುತ್ತದೆ, ನಿಲ್ಲಿಸುವವರು ಬೇಕು. ಆ ಹಾಡುಗಳಿಗೂ ಸಂಗೀತ ಕೊಟ್ಟವರು ಅಮೆರಿಕದಲ್ಲಿ ನೆಲೆಸಿದ ಅದೇ ಮನೋಮೂರ್ತಿ, ನಮ್ಮಂತೆ ಹೊರನಾಡಿನವರು. ಅವರ ಹೆಸರನ್ನಾದರೂ ನಾವು ನಮ್ಮವರೆಂದು ಹೇಳಿಕೊಳ್ಳಬಹುದಿತ್ತು.

ಮೂರನೆಯ ಆಕ್ಷೇಪಣೆ ಗಟ್ಟಿಯಾದದ್ದು. ಹಿರಿಯರೊಬ್ಬರು ಕೇಳಿದರು, "ಹಾಡು ಒಮ್ಮೆ ಹೊರಗೆ ಬಂದ ಮೇಲೆ ಕೇಳುವವರದ್ದಲ್ಲವೇನಮ್ಮಾ? ನನ್ನ ತಾಯಿ ಹಾಡುತ್ತಿದ್ದ ಹಂತಿಯ ಪದ, ಬೀಸುವ ಪದಗಳಿಗೆ ಯಾರ ಹೆಸರಿತ್ತು?" ಅವರ ಮಾತಿನಲ್ಲಿ ಅರ್ಧ ನಿಜವಿದೆ. ಅಡಿಗರ ಹೆಸರು ತಿಳಿಯದಿದ್ದಾಗಲೂ ಆ ಹಾಡು ನನ್ನ ಕೆಲಸ ಮಾಡಿತ್ತು. ಆ ಪ್ರೀತಿ ಸುಳ್ಳಾಗಿರಲಿಲ್ಲ. ಜನಪದವನ್ನು ಕಟ್ಟಿದವರ ಹೆಸರನ್ನು ಕಾಲ ಉಳಿಸಲಿಲ್ಲ, ಆ ಹಾಡು ಊರಿನದ್ದಾಯಿತು. ಆದರೆ ಚಿ. ಉದಯಶಂಕರ್ ಹೆಸರನ್ನು ಕಾಲ ಅಳಿಸಿಲ್ಲ. ಅದು ಚಿತ್ರದ ಆರಂಭದ ಪಟ್ಟಿಯಲ್ಲಿದೆ, ನಾವು ಓದುತ್ತಿಲ್ಲ. ಹೆಸರು ಗೊತ್ತಿಲ್ಲದಿರುವುದೂ ಗೊತ್ತಾಗಬಹುದಾದ ಹೆಸರನ್ನು ಬಿಟ್ಟುಬಿಡುವುದೂ ಒಂದೇ ಅಲ್ಲ. ಮೊದಲನೆಯದಕ್ಕೆ ಯಾರನ್ನೂ ದೂರಲಾಗದು. ಎರಡನೆಯದನ್ನು ನನ್ನ ವೃತ್ತಿಯಲ್ಲಿ ನಿರ್ಲಕ್ಷ್ಯ ಎನ್ನುತ್ತೇವೆ.

ನಾಲ್ಕನೆಯದು, ನಮ್ಮದು ಲಾಭಕ್ಕಲ್ಲದ ಸಂಘ, ನಮ್ಮನ್ನು ಯಾರು ಕೇಳುತ್ತಾರೆ? ಇಲ್ಲಿ ಖಜಾಂಚಿಯಾಗಿ ಮಾತಾಡುತ್ತೇನೆ. ನಮ್ಮ ಖರ್ಚಿನ ಪಟ್ಟಿ ನೋಡಿ: ಸಭಾಂಗಣದ ಬಾಡಿಗೆ, ಸಾರ್ವಜನಿಕ ಹೊಣೆಯ ವಿಮೆ, ಧ್ವನಿವರ್ಧಕ, ದೀಪ, ಹೂವು, ಬಿಸಿಬೇಳೆಭಾತ್, ಮೊಸರನ್ನ, ಮೈಸೂರುಪಾಕ್, ಕಸ ಎತ್ತಲು ಪ್ಲಾಸ್ಟಿಕ್ ಚೀಲ. ಚೀಲಕ್ಕೂ ಒಂದು ಸಾಲಿದೆ. ಜನ ಬಂದದ್ದು ಯಾವುದಕ್ಕಾಗಿಯೋ ಆ ಹಾಡಿಗೆ ಒಂದು ಸಾಲಿರಲಿಲ್ಲ. ಇಷ್ಟು ವರ್ಷ ಆ ಲೆಕ್ಕಕ್ಕೆ ಸಹಿ ಹಾಕಿದವಳೂ ನಾನೇ. ಈ ದೇಶದಲ್ಲಿ ಸಾರ್ವಜನಿಕವಾಗಿ ಹಾಡಲು, ಹಾಡು ಹಾಕಲು ಪರವಾನಗಿ ಬೇಕು. ಬರೆದವರು ಮತ್ತು ಸಂಗೀತ ಕಟ್ಟಿದವರ ಪರವಾಗಿ ಹಣ ಸಂಗ್ರಹಿಸುವ ಎಪಿಆರ್‌ಎ ಸಂಸ್ಥೆ 1926ರಿಂದ ಇದೆ. 2019ರಿಂದ ಧ್ವನಿಮುದ್ರಣದವರ ಸಂಸ್ಥೆಯ ಜೊತೆ ಸೇರಿ ಒನ್‌ಮ್ಯೂಸಿಕ್ ಎಂಬ ಒಂದೇ ಕಿಟಕಿ ಮಾಡಿದ್ದಾರೆ. ಪರವಾನಗಿ ಕೊಂಡರೂ ಹಾಡಿನ ಪಟ್ಟಿಯಲ್ಲಿ ಬರೆದವರ ಹೆಸರಿಲ್ಲದಿದ್ದರೆ ಆ ಹಣಕ್ಕೆ ತಲುಪಬೇಕಾದ ವಿಳಾಸವೇ ಇಲ್ಲ.

ನಮ್ಮ ಗೀತರಚನೆಕಾರರಿಗೆ ಈ ವಿಷಯದಲ್ಲಿ ಆದದ್ದು ತಿಳಿದರೆ ಲಾಭಕ್ಕಲ್ಲದ ಸಂಘ ಎಂಬ ನೆವ ನಾಚಿಕೆಗೇಡು ಅನ್ನಿಸುತ್ತದೆ. 1957ರ ಭಾರತದ ಕೃತಿಸ್ವಾಮ್ಯ ಕಾಯಿದೆಯನ್ನು 1977ರಲ್ಲಿ ಸುಪ್ರೀಂ ಕೋರ್ಟು ಹೀಗೆ ಅರ್ಥೈಸಿತು: ನಿರ್ಮಾಪಕರು ಹಣ ಕೊಟ್ಟು ಚಿತ್ರಕ್ಕಾಗಿ ಬರೆಸಿದ ಹಾಡಿಗೆ, ಬೇರೆ ಕರಾರು ಇಲ್ಲದಿದ್ದರೆ, ನಿರ್ಮಾಪಕರೇ ಮೊದಲ ಒಡೆಯರು. ಬರೆದವರು ಒಂದು ಸಲ ಸಂಭಾವನೆ ತೆಗೆದುಕೊಂಡರೆ ಮುಗಿಯಿತು. ಆ ಹಾಡು ಮುಂದೆ ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ, ಮದುವೆ ಮಂಟಪದಲ್ಲಿ, ಸಿಡ್ನಿಯ ಸಭಾಂಗಣದಲ್ಲಿ ಎಷ್ಟು ಸಲ ಮೊಳಗಿದರೂ ಅವರ ಪಾಲಿಗೆ ಏನೂ ಇಲ್ಲ. 2012ರ ತಿದ್ದುಪಡಿ ಇದನ್ನು ಬದಲಿಸಿತು. ಚಿತ್ರಮಂದಿರದಲ್ಲಿ ಚಿತ್ರದ ಜೊತೆ ಕೇಳಿಸುವುದನ್ನು ಬಿಟ್ಟು ಉಳಿದ ಬಳಕೆಗೆಲ್ಲ ಬರೆದವರಿಗೂ ಸಂಗೀತ ಕೊಟ್ಟವರಿಗೂ ರಾಯಧನದಲ್ಲಿ ಸಮಪಾಲು. ಅದನ್ನು ಕಸಿಯುವ ಕರಾರು ನಡೆಯುವುದಿಲ್ಲ. ಉದಯಶಂಕರ್ ಅಷ್ಟರಲ್ಲಿ ತೀರಿಕೊಂಡು 19 ವರ್ಷವಾಗಿತ್ತು, ವಿಜಯನಾರಸಿಂಹ 11, ಜಯಗೋಪಾಲ್ 4. ಅವರ ಕಾಲದವರಿಗೆ ಸಂಭಾವನೆಯ ಲಕೋಟೆಯ ಆಚೆಗೆ ಕಾನೂನು ಉಳಿಸಿದ್ದು ಒಂದೇ: ಇದು ನನ್ನ ರಚನೆ ಎಂದು ಹೇಳಿಕೊಳ್ಳುವ ಹಕ್ಕು. ಒಡೆತನ ಮಾರಿದರೂ ಅದು ಬರೆದವರಲ್ಲೇ ಉಳಿಯುತ್ತದೆಂದು ಭಾರತದ ಕಾಯಿದೆಯ 57ನೇ ಕಲಮು ಹೇಳುತ್ತದೆ. ಆಸ್ಟ್ರೇಲಿಯಾದ 2000ದ ತಿದ್ದುಪಡಿಯೂ ಕೃತಿಯನ್ನು ಸಾರ್ವಜನಿಕವಾಗಿ ಪ್ರದರ್ಶಿಸುವಾಗ ಕರ್ತೃವಿನ ಹೆಸರು ಹೇಳಿಸಿಕೊಳ್ಳುವ ಹಕ್ಕು ಕೊಟ್ಟಿದೆ. ನಿರ್ಮಾಪಕರು ಹಣವನ್ನು ಇಟ್ಟುಕೊಂಡರು. ಉಳಿದಿದ್ದ ಹೆಸರನ್ನು ಅಭಿಮಾನಿಗಳಾದ ನಾವು ತೆಗೆದೆವು.

ಈ ದೇಶದಿಂದ ಕಲಿಯಬೇಕಾದದ್ದು ಒಂದಿದೆ. ಇಲ್ಲಿಯ ಹತ್ತು ಡಾಲರಿನ ನೋಟು ನೋಡಿ. ಒಂದು ಬದಿ ಬ್ಯಾಂಜೊ ಪ್ಯಾಟರ್ಸನ್, ಇನ್ನೊಂದು ಬದಿ ಮೇರಿ ಗಿಲ್ಮೋರ್. ಇಬ್ಬರೂ ಕವಿಗಳು. 'ವಾಲ್ಟ್ಜಿಂಗ್ ಮಟಿಲ್ಡಾ' ಬರೆದದ್ದು ಪ್ಯಾಟರ್ಸನ್ ಎಂದು ಇಲ್ಲಿ ಶಾಲೆಗೆ ಹೋಗುವ ಮಗುವಿಗೂ ಗೊತ್ತು. ನನ್ನ ಮಗನ ಶಾಲೆಯ ಸಂಗೀತ ಸಂಜೆಗೆ ಕೊಡುವ ಒಂದೇ ಹಾಳೆಯ ಕಾರ್ಯಕ್ರಮಪಟ್ಟಿಯಲ್ಲೂ ಪ್ರತಿ ಹಾಡಿನ ಎದುರು ಬರೆದವರ ಹೆಸರು ಇರುತ್ತದೆ. ಇವರೂ ಪೂರ್ತಿ ಶುದ್ಧರೇನಲ್ಲ. ಆ ಹಾಡಿಗೆ ರಾಗ ಒದಗಿಸಿದ ಕ್ರಿಸ್ಟಿನಾ ಮ್ಯಾಕ್‌ಫರ್ಸನ್ ಎಂಬ ಹೆಂಗಸಿನ ಹೆಸರು ಬಹಳ ಕಾಲ ಮರೆಯಲ್ಲೇ ಇತ್ತು. ಆದರೆ ಹೆಸರು ಹೇಳುವುದು ಶಿಷ್ಟಾಚಾರ ಎಂಬುದಂತೂ ಇವರಿಗೆ ತಿಳಿದಿದೆ. ನಮ್ಮ ಸಂಘದಲ್ಲಿ ರೋಮನ್ ಲಿಪಿಯಲ್ಲಿ ಬರೆದುಕೊಂಡ ಕನ್ನಡ ಹಾಡನ್ನು ಅಭ್ಯಾಸ ಮಾಡುತ್ತಿದ್ದಾಗ ಮಗ ಕೇಳಿದ, "ಅಮ್ಮಾ, ಇದನ್ನು ಯಾರು ಬರೆದದ್ದು?" ಸುತ್ತ ಇದ್ದ ಏಳು ಮಂದಿ ದೊಡ್ಡವರಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಹಾಡಿನ ಚಿತ್ರ, ನಾಯಕ, ನಾಯಕಿ, ಚಿತ್ರೀಕರಣವಾದ ಊರು ಎಲ್ಲ ಗೊತ್ತಿತ್ತು. ಭಾಷೆಯನ್ನು ಮಕ್ಕಳಿಗೆ ದಾಟಿಸುತ್ತಿದ್ದೇವೆ ಎನ್ನುವವರು ನಾವು. ಆ ಭಾಷೆಯಲ್ಲಿ ಬರೆಯುವವರು ಎಂಬವರು ಇದ್ದಾರೆ, ಅದು ಒಂದು ಕೆಲಸ, ಅದಕ್ಕೆ ಮರ್ಯಾದೆ ಇದೆ ಎಂಬುದನ್ನೇ ದಾಟಿಸದಿದ್ದರೆ ಮಕ್ಕಳು ಕನ್ನಡದಲ್ಲಿ ಹಾಡಿಯಾರು, ಒಂದು ಸಾಲನ್ನೂ ಬರೆಯಲಾರರು.

ವಾರ್ಷಿಕ ಸಭೆಯಲ್ಲಿ ಅರ್ಧ ಗೆದ್ದೆ. ಪರವಾನಗಿಗೆ ಒಂದು ಸಾಲು ಬಜೆಟ್ಟಿನಲ್ಲಿ ಸೇರಿತು. ನಿರೂಪಣೆಯಲ್ಲಿ ಹೆಸರು ಹೇಳುವುದು ಕಡ್ಡಾಯವಾಗಲಿಲ್ಲ. "ಸಾಧ್ಯವಾದರೆ" ಎಂಬ ಪದ ಸೇರಿಸಿದರು. ಸಾಧ್ಯವಾದರೆ ಎಂದರೆ ಆಗುವುದಿಲ್ಲ ಎಂದು ಲೆಕ್ಕಿಗರಿಗೆ ಗೊತ್ತು. ಕೂಪನ್ ಅಚ್ಚು ಹಾಕಿಸುವುದು ಮಾತ್ರ ಖಜಾಂಚಿಯ ಕೆಲಸ, ಅದಕ್ಕೆ ಯಾರ ಒಪ್ಪಿಗೆಯೂ ಬೇಡ. 2024ರ ನವೆಂಬರಿನ ಊಟದ ಕೂಪನ್ನಿನ ಹಿಂಬದಿಯಲ್ಲಿ ಆ ಸಂಜೆಯ ಹಾಡುಗಳನ್ನೂ ಅವುಗಳ ಎದುರು ಬರೆದವರ ಹೆಸರನ್ನೂ ಅಪ್ಪನ ಅಂಕಣದ ಕ್ರಮದಲ್ಲೇ ಅಚ್ಚು ಹಾಕಿಸಿದೆ. ಬಿಸಿಬೇಳೆಭಾತಿನ ಸಾಲು ಎಂದಿನಂತೆ ಉದ್ದವಿತ್ತು. ಮಾಡಲು ಬೇರೆ ಕೆಲಸವಿಲ್ಲದೆ ಜನ ಕೂಪನ್ ತಿರುಗಿಸಿ ಓದಿದರು. "ಅರೆ, ಇದು ಜಯಗೋಪಾಲ್ ಬರೆದದ್ದಾ? ಉದಯಶಂಕರ್ ಅಂದ್ಕೊಂಡಿದ್ದೆ." "ಗೀತಪ್ರಿಯ ನಿರ್ದೇಶಕರಲ್ವಾ, ಹಾಡೂ ಬರೀತಿದ್ರಾ?" ಸಾಲು ಕೌಂಟರ್ ತಲುಪುವ ತನಕ ಇದೇ ಮಾತು. ಒಬ್ಬ ಹಿರಿಯರು ನನ್ನ ಮೇಜಿಗೆ ಬಂದು ಒಂದು ಹೆಸರಿನ ಅಕ್ಷರ ತಪ್ಪಾಗಿದೆ ಎಂದು ತಿದ್ದಿ ಹೋದರು. ವರ್ಷವಿಡೀ ಆ ಸಂಘದಲ್ಲಿ ನನಗೆ ಸಿಕ್ಕ ಅತ್ಯಂತ ಸಂತೋಷದ ದೂರು ಅದು.

ಓದುಗರಲ್ಲಿ, ಊರಿನಲ್ಲಿರುವವರಲ್ಲೂ ಹೊರಗಿರುವವರಲ್ಲೂ, ನನ್ನ ಕೋರಿಕೆ ಒಂದೇ. ನಿಮ್ಮ ಮೆಚ್ಚಿನ ಒಂದು ಹಾಡನ್ನು ತೆಗೆದುಕೊಳ್ಳಿ. ಅದನ್ನು ಬರೆದವರು ಯಾರೆಂದು ಹುಡುಕಿ. ಸಿಗದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅವರು ಇರುವಾಗಲೇ, ಈ ವಾರವೇ ಫೋನ್ ಮಾಡಿ ಕೇಳಿ. ಅವರಿಗೆ ಹೆಸರು ಗೊತ್ತಿರಬಹುದು. ಅದರ ಜೊತೆ ನೀವು ಕೇಳದೆ ಉಳಿದ ಇನ್ನೂ ಏನೇನೋ ಗೊತ್ತಿರಬಹುದು.